ನಾಯಿ ಶಾಲೆಗೆ ಸೇರುವವರು ಯಾರು?

ಬೆಂಗಳೂರಿನ ಬಡಾವಣೆಗಳಲ್ಲಿ ಬೆಳಗಿನ ಆರೂವರೆಗೆ ಈ ನೋಟ ಮಾಮೂಲು. ಬೈಕಿನಲ್ಲಿ ಬಂದ ಟ್ರೈನರ್ ಗೇಟಿನ ಮುಂದೆ ಹಾರ್ನ್ ಹೊಡೆಯುತ್ತಾನೆ. ಮನೆಯವರು ಲ್ಯಾಬ್ರಡಾರನ್ನೋ ಜರ್ಮನ್ ಶೆಫರ್ಡನ್ನೋ ಅವನ ಕೈಗೆ ಒಪ್ಪಿಸಿ ಕಾಫಿ ಕುಡಿಯಲು ಒಳಗೆ ಹೋಗುತ್ತಾರೆ. ಅರ್ಧ ಗಂಟೆ ನಾಯಿ ಅವನ ಎಡಗಾಲಿಗೆ ಅಂಟಿಕೊಂಡು ನಡೆಯುತ್ತದೆ, ಕೂರುತ್ತದೆ, ಮಲಗುತ್ತದೆ, ಶೇಕ್‌ಹ್ಯಾಂಡ್ ಕೊಡುತ್ತದೆ. ಎರಡು ತಿಂಗಳ ಪ್ಯಾಕೇಜ್ ಮುಗಿದ ಮಾರನೆಯ ದಿನ ಅದೇ ನಾಯಿ ಮನೆಯೊಡತಿಯನ್ನು ಎಳನೀರಿನ ಗಾಡಿಯವರೆಗೆ ದರದರನೆ ಎಳೆದುಕೊಂಡು ಹೋಗುತ್ತದೆ.

ನಮ್ಮ ಕೆಂಚನ ಕಥೆಯೂ ಇದೇ. ಟ್ರೈನರನ್ನು ಕಂಡರೆ ಕವಾಯತಿನ ಸಿಪಾಯಿ, ನನ್ನನ್ನು ಕಂಡರೆ ಜಾತ್ರೆಗೆ ಹೊರಟ ಹುಡುಗ. ದೂರು ಹೇಳಿದಾಗ ಟ್ರೈನರ್ ನಕ್ಕು, "ನಾಯಿ ಕಲ್ತಿದೆ ಸಾರ್, ನೀವು ಕಲ್ತಿಲ್ಲ" ಎಂದ. ಆ ಹೊತ್ತಿಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ಅವನ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನನಗೆ ಕಲಿಸುವ ಕೆಲಸ ಮಾತ್ರ ಅವನ ಪ್ಯಾಕೇಜಿನಲ್ಲಿ ಸೇರಿರಲಿಲ್ಲ.

ಈ ಕೊರತೆಯನ್ನು ತುಂಬುವುದು ಇನಾಮು ಕೊಟ್ಟು ಕಲಿಸುವ ಗುಂಪು ತರಗತಿ. ಆರೆಂಟು ನಾಯಿಗಳು, ಪ್ರತಿ ನಾಯಿಯ ಜೊತೆ ಅದರ ಮನೆಯವರು, ವಾರಕ್ಕೊಂದು ಗಂಟೆ, ಹೆಚ್ಚುಕಡಿಮೆ ಒಂದೂವರೆ ತಿಂಗಳು. ಟ್ರೈನರ್ ಹಗ್ಗ ಮುಟ್ಟುವುದು ಅಪರೂಪ. ಆತ ಹೇಳಿಕೊಡುವುದು ಮನುಷ್ಯರಿಗೆ, ಮನುಷ್ಯರು ಕಲಿಸುವುದು ನಾಯಿಗೆ. ಗದರಿಕೆ, ಹೊಡೆತ, ಕತ್ತು ಹಿಸುಕುವ ಚೈನು ಯಾವುದೂ ಇಲ್ಲ. ಸರಿ ಮಾಡಿದ ಕ್ಷಣಕ್ಕೆ ತಿನಿಸು, ಆಟ, ಇಲ್ಲವೇ ಒಂದು ಸವರಿಕೆ. ಈ ಏರ್ಪಾಟಿನೊಳಗೆ ಎರಡು ಬೇರೆ ಬೇರೆ ವಾದಗಳು ಹೆಣೆದುಕೊಂಡಿವೆ: ಶಿಕ್ಷೆಗಿಂತ ಇನಾಮು ಮೇಲು, ಒಂಟಿ ಪಾಠಕ್ಕಿಂತ ಗುಂಪು ಮೇಲು. ಜಾಹೀರಾತುಗಳು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತವೆ. ಬಿಡಿಸಿ ನೋಡಿದರೆ ಮೊದಲನೆಯದರ ಬೆನ್ನಿಗೆ ಪುರಾವೆ ಗಟ್ಟಿಯಾಗಿದೆ, ಎರಡನೆಯದರ ಬೆನ್ನಿಗೆ ಅಷ್ಟಿಲ್ಲ. ಆದರೂ ನನ್ನನ್ನು ಹೆಚ್ಚು ಸೆಳೆದದ್ದು ಎರಡನೆಯದೇ.

ನಾಯಿ ತರಬೇತಿ ಎಂದರೆ ಗದರಿಕೆ ಎಂಬ ಕಲ್ಪನೆ ನಮಗೆ ಬಂದದ್ದು ಪೊಲೀಸು ಮತ್ತು ಸೈನ್ಯದಿಂದ. ಜರ್ಮನಿಯ ಪೊಲೀಸ್ ನಾಯಿಗಳನ್ನು ಪಳಗಿಸುತ್ತಿದ್ದ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಕೈಪಿಡಿ ಈ ಕಸುಬಿನ ಬುನಾದಿ ಗ್ರಂಥ. ನಾಯಿ ತಪ್ಪಿದರೆ ಹಗ್ಗದ ಜಗ್ಗು, ಒಪ್ಪಿದರೆ ಹೊಗಳಿಕೆ. ಎರಡು ಮಹಾಯುದ್ಧಗಳು ಮುಗಿದ ಮೇಲೆ ಸೈನ್ಯದ ತರಬೇತಿದಾರರು ಊರಿಗೆ ಮರಳಿ ಕ್ಲಬ್ಬುಗಳನ್ನು ಕಟ್ಟಿದರು. ಗುಂಪು ತರಗತಿ ಎಂಬುದು ಆಗಲೇ ಇತ್ತು. ಆದರೆ ಅದು ಪೆರೇಡ್ ಮೈದಾನದ ಗುಂಪು. ಎಲ್ಲರೂ ಸಾಲಾಗಿ ನಡೆ, ತಿರುಗು, ಜಗ್ಗು. ಡಿಸ್ನಿ ಚಿತ್ರಗಳ ಪ್ರಾಣಿಗಳನ್ನು ಪಳಗಿಸಿದ ವಿಲಿಯಂ ಕೋಹ್ಲರ್ 1962ರಲ್ಲಿ ತಂದ ಪುಸ್ತಕ ಈ ಪರಂಪರೆಯ ತುದಿ. ಅಮೆರಿಕದಲ್ಲಿ ಅದು ದಶಕಗಳ ಕಾಲ ಮನೆಮನೆಯ ಮಾತಾಗಿತ್ತು. ಆ ತರಗತಿಗಳಿಗೆ ಆರು ತಿಂಗಳಿಗಿಂತ ಚಿಕ್ಕ ಮರಿಗಳನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಎಳೆಯ ಕತ್ತು ಆ ಜಗ್ಗನ್ನು ತಾಳಬೇಕಲ್ಲ!

ಇನ್ನೊಂದು ಹೊಳೆ ಪ್ರಯೋಗಶಾಲೆಯಿಂದ ಹರಿದು ಬಂತು. ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಅಗುಳಿ ಹಾಕಿದ ಪೆಟ್ಟಿಗೆಯಲ್ಲಿ ಕೂಡಿಹಾಕಿ, ಅವು ಹೊರಬರಲು ಕಲಿಯುವ ಬಗೆಯನ್ನು ಬರೆದಿಟ್ಟ. ಒಳ್ಳೆಯ ಫಲ ಕೊಟ್ಟ ನಡೆ ಮತ್ತೆ ಮರಳುತ್ತದೆ ಎಂಬುದು ಅವನ ತೀರ್ಮಾನ. ಬಿ. ಎಫ್. ಸ್ಕಿನ್ನರ್ ಅದನ್ನು ಒಂದು ಶಾಸ್ತ್ರವನ್ನಾಗಿ ಬೆಳೆಸಿದ. ಆಟಿಕೆಯೊಂದರ 'ಟಿಕ್' ಸದ್ದು ಬಳಸಿ ಮನೆಯಲ್ಲೇ ನಾಯಿಗೆ ಕಲಿಸುವ ಕ್ರಮವನ್ನು ಆತ 1951ರಷ್ಟು ಹಿಂದೆಯೇ ವಿಜ್ಞಾನ ಪತ್ರಿಕೆಯೊಂದರಲ್ಲಿ ವಿವರಿಸಿದ್ದ. ಅವನ ಶಿಷ್ಯರಾದ ಕೆಲರ್ ಮತ್ತು ಮರಿಯನ್ ಬ್ರೆಲಂಡ್ ದಂಪತಿ ವಿಶ್ವವಿದ್ಯಾಲಯ ಬಿಟ್ಟು 1940ರ ದಶಕದಲ್ಲೇ ಪ್ರಾಣಿ ತರಬೇತಿಯ ವ್ಯಾಪಾರಕ್ಕೆ ಇಳಿದರು. ಕೋಳಿ, ಹಂದಿ, ನಾಯಿ ಎಲ್ಲಕ್ಕೂ ಕಲಿಸಿದರು. ನಾಯಿ ಕಸುಬಿನವರು ಮಾತ್ರ ಕಿವಿಗೊಡಲಿಲ್ಲ. ಹವಾಯಿಯ ಸೀ ಲೈಫ್ ಪಾರ್ಕಿನಲ್ಲಿ ಡಾಲ್ಫಿನ್‌ಗಳಿಗೆ ಕಲಿಸುತ್ತಿದ್ದ ಕರೆನ್ ಪ್ರಯರ್ 1984ರಲ್ಲಿ ಪುಸ್ತಕ ಬರೆದ ಮೇಲೆ ಗಾಳಿ ತಿರುಗಿತು. ಡಾಲ್ಫಿನ್‌ಗೆ ಕತ್ತುಪಟ್ಟಿ ಹಾಕಲಾಗದು, ಹಗ್ಗ ಜಗ್ಗಲಾಗದು. ಬೇಡವೆನಿಸಿದರೆ ಅದು ಈಜಿ ಆಚೆ ಹೋಗುತ್ತದೆ. ಅದರ ಮುಂದೆ ಒಂದು ಬಕೆಟ್ ಮೀನು ಮತ್ತು ಒಂದು ಸೀಟಿ ಬಿಟ್ಟು ಮನುಷ್ಯನ ಕೈಯಲ್ಲಿ ಬೇರೇನೂ ಇಲ್ಲ. ಅಷ್ಟರಲ್ಲೇ ಅದು ಸುರುಳಿ ಹೊಡೆದು ಹಾರುವುದನ್ನು ಕಲಿಯುತ್ತದೆ ಎಂದ ಮೇಲೆ, ಹಾಸಿಗೆಯ ಪಕ್ಕ ಮಲಗುವ ನಾಯಿಗೆ ಮುಳ್ಳಿನ ಚೈನು ಏಕೆ ಬೇಕು?

ಇವೆರಡು ಹೊಳೆಗಳನ್ನು ಕೂಡಿಸಿ ಇಂದಿನ ತರಗತಿಯ ಆಕಾರ ಕೊಟ್ಟವನು ಇಯಾನ್ ಡನ್‌ಬಾರ್, ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಇಂಗ್ಲಿಷ್ ಪಶುವೈದ್ಯ. ತನ್ನ ಮಲಮ್ಯೂಟ್ ಮರಿಯನ್ನು ಸೇರಿಸಿಕೊಳ್ಳುವ ಶಾಲೆ ಎಲ್ಲೂ ಸಿಗದೆ, 1980ರ ದಶಕದ ಆರಂಭದಲ್ಲಿ ತಾನೇ ಒಂದನ್ನು ತೆರೆದ. ಮರಿಗಳಿಗೆ, ಹಗ್ಗವಿಲ್ಲದೆ, ಆಟ ಮತ್ತು ತಿನಿಸಿನ ನಡುವೆ. ಅವನ ಬೆನ್ನಿಗೆ ಒಂದು ದೊಡ್ಡ ಅಧ್ಯಯನವಿತ್ತು. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಸ್ಕಾಟ್ ಮತ್ತು ಫುಲ್ಲರ್ ವರ್ಷಗಟ್ಟಲೆ ನಾಯಿಮರಿಗಳನ್ನು ಗಮನಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥ, ಮರಿಯ ಮೂರನೇ ವಾರದಿಂದ ಹನ್ನೆರಡನೇ ವಾರದವರೆಗಿನ ಕಾಲ ಜಗತ್ತನ್ನು ಒಪ್ಪಿಕೊಳ್ಳುವ ಕಾಲ ಎಂದು ತೋರಿಸಿಕೊಟ್ಟಿತ್ತು. ಆ ಅವಧಿಯಲ್ಲಿ ಮನುಷ್ಯರನ್ನು, ಸದ್ದುಗಳನ್ನು, ಬೇರೆ ನಾಯಿಗಳನ್ನು ಕಾಣದ ಮರಿ ಮುಂದೆ ಎಲ್ಲದಕ್ಕೂ ಬೆಚ್ಚುತ್ತದೆ. ಆರು ತಿಂಗಳಾಗಲಿ ಎಂದು ಕಾಯುವುದೆಂದರೆ ಹದ ತಪ್ಪಿದ ಮೇಲೆ ಬಿತ್ತಿದ ಹಾಗೆ.

ಈಗ ಇನಾಮಿನ ವಾದಕ್ಕೆ ಬರೋಣ. ನಮ್ಮಲ್ಲಿ ಮೊದಲು ಏಳುವ ಆಕ್ಷೇಪ: "ಲಂಚ ಕೊಟ್ಟು ಕೆಲಸ ಮಾಡಿಸೋದಾ?" ಲಂಚ ಕೆಲಸಕ್ಕೆ ಮೊದಲು ಕೈಸೇರುತ್ತದೆ, ಸಂಬಳ ಕೆಲಸದ ನಂತರ. ಮೂಗಿನ ಮುಂದೆ ಚಿಕನ್ ತುಂಡು ಹಿಡಿದು ಮೇಲೆತ್ತಿ ನಾಯಿಯನ್ನು ಕೂರಿಸುವುದು ಮೊದಲ ದಿನದ ಉಪಾಯ. ನಾಲ್ಕಾರು ಸಲ ಆದ ಮೇಲೆ ಆ ತುಂಡು ಕೈಯಿಂದ ಮರೆಯಾಗಿ ಸೊಂಟದ ಚೀಲ ಸೇರಬೇಕು. ಖಾಲಿ ಕೈಯ ಸನ್ನೆಗೆ ನಾಯಿ ಕೂತ ಮೇಲೆ ಚೀಲದಿಂದ ಹೊರಬರಬೇಕು. ಇದನ್ನು ಕಲಿಸದ ತರಗತಿಗಳೂ ಇವೆ, ಅಲ್ಲಿಂದ ಬಂದ ನಾಯಿ ಯಜಮಾನನ ಮುಷ್ಟಿಯನ್ನು ಮೊದಲು ಪರೀಕ್ಷಿಸಿ ಆಮೇಲೆ ಕೂರುತ್ತದೆ. ಅದು ಲಂಚವೇ, ಆಕ್ಷೇಪ ಎತ್ತುವವರ ಮಾತು ಅಷ್ಟರಮಟ್ಟಿಗೆ ಸರಿ. ಇನ್ನೂ ಒಂದು ಮಾತು: ಅತಿ ಕಟ್ಟುನಿಟ್ಟಿನವು ಎಂದು ನಾವು ಭಾವಿಸುವ ಬಾಂಬ್ ಪತ್ತೆಯ ನಾಯಿಗಳು ಬ್ಯಾಗು ಬ್ಯಾಗು ಮೂಸುತ್ತ ಹೋಗುವುದು ಕೊನೆಗೆ ಸಿಗುವ ಒಂದು ಚೆಂಡಿನ ಆಸೆಗೆ.

ಪುರಾವೆಗಳಲ್ಲಿ ಹಳೆಯವು ಪ್ರಶ್ನಾವಳಿಯವು. ಬ್ರಿಟನ್ನಿನಲ್ಲಿ 364 ಮಂದಿ ನಾಯಿ ಸಾಕಿದವರನ್ನು ಕೇಳಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇನಾಮು ಬಳಸುವವರ ನಾಯಿಗಳು ಹೆಚ್ಚು ವಿಧೇಯ ಎಂದು ಕಂಡಿತು. ಶಿಕ್ಷೆ ಹೆಚ್ಚಾದ ಮನೆಗಳಲ್ಲಿ ನಡವಳಿಕೆಯ ತೊಂದರೆಗಳೂ ಹೆಚ್ಚು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚಿಕಿತ್ಸಾಲಯಕ್ಕೆ ಬಂದವರನ್ನು ಕೇಳಿ 2009ರಲ್ಲಿ ಹೊರಬಂದ ವರದಿಯ ಒಂದು ಅಂಕಿ ನೆನಪಿನಲ್ಲಿ ಉಳಿಯುವಂಥದು: ನಾಯಿಗೆ ಹೊಡೆದವರಲ್ಲಿ, ಒದ್ದವರಲ್ಲಿ ಶೇ. 43ರಷ್ಟು ಮಂದಿಗೆ ನಾಯಿ ತಿರುಗಿಬಿದ್ದಿತ್ತು. ಇವಕ್ಕೆ ಒಂದು ಮಿತಿಯುಂಟು. ಹೊಡೆದದ್ದರಿಂದ ನಾಯಿ ಕೆಟ್ಟಿತೋ, ಕೆಟ್ಟ ನಾಯಿಗೇ ಹೊಡೆತ ಬಿತ್ತೋ ಪ್ರಶ್ನಾವಳಿಯಿಂದ ತಿಳಿಯುವುದಿಲ್ಲ.

ಹಾಗಾಗಿ ನನಗೆ ಹೆಚ್ಚು ಹಿಡಿಸಿದ್ದು ಪೋರ್ಚುಗಲ್ಲಿನ ಪೋರ್ಟೊ ನಗರದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಕೆಲಸ. ಏಳು ತರಬೇತಿ ಶಾಲೆಗಳ 92 ನಾಯಿಗಳನ್ನು ಅವರು ಪಾಠದ ವೇಳೆ ವಿಡಿಯೊ ಮಾಡಿದರು, ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಅಳೆದರು. ಬೆದರಿಕೆಯ ಶಾಲೆಗಳ ನಾಯಿಗಳು ಹೆಚ್ಚು ಆಕಳಿಸುತ್ತಿದ್ದವು, ತುಟಿ ನೆಕ್ಕುತ್ತಿದ್ದವು, ಮೈ ಕುಗ್ಗಿಸುತ್ತಿದ್ದವು. ಪಾಠದ ನಂತರ ಅವುಗಳ ಕಾರ್ಟಿಸಾಲ್ ಏರುತ್ತಿತ್ತು. ಮುಂದಿನ ಪ್ರಯೋಗ ಇನ್ನೂ ಸೊಗಸು. ಕೋಣೆಯ ಒಂದು ಬದಿಯಲ್ಲಿಟ್ಟ ಬಟ್ಟಲಲ್ಲಿ ಯಾವಾಗಲೂ ತಿನಿಸು, ಇನ್ನೊಂದು ಬದಿಯ ಬಟ್ಟಲು ಯಾವಾಗಲೂ ಖಾಲಿ ಎಂದು ನಾಯಿಗೆ ಅಭ್ಯಾಸ ಮಾಡಿಸುವುದು. ಆಮೇಲೆ ಬಟ್ಟಲನ್ನು ನಡುವೆ ಇಡುವುದು. ಇದ್ದೀತು ಎಂದು ಓಡುತ್ತದೆಯೋ, ಇರಲಾರದು ಎಂದು ಕಾಲೆಳೆಯುತ್ತದೆಯೋ? ಬೆದರಿಕೆಯಲ್ಲಿ ಕಲಿತ ನಾಯಿಗಳು ಕಾಲೆಳೆದವು. ಪಾಠದ ಮೈದಾನದಿಂದ ದೂರ, ಕೈಯಲ್ಲಿ ಚೈನು ಹಿಡಿದವರು ಯಾರೂ ಇಲ್ಲದ ಕೋಣೆಯಲ್ಲೂ ಅವಕ್ಕೆ ಒಳ್ಳೆಯದರ ನಿರೀಕ್ಷೆ ಕಡಿಮೆಯಾಗಿತ್ತು.

ವಿದ್ಯುತ್ ಶಾಕ್ ಕೊಡುವ ಕತ್ತುಪಟ್ಟಿಯ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ವೇಲ್ಸ್ 2010ರಲ್ಲೇ ಅದನ್ನು ನಿಷೇಧಿಸಿತು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ 63 ನಾಯಿಗಳನ್ನು ಹೋಲಿಸಿ, ಕರೆದರೆ ಬರುವ ಪಾಠದಲ್ಲಿ ಶಾಕ್‌ನಿಂದ ಹೆಚ್ಚುವರಿ ಲಾಭವಿಲ್ಲ ಎಂದಿತು. ಅಮೆರಿಕದಲ್ಲಿ 19 ನಾಯಿಗಳ ಮೇಲೆ ನಡೆದ 2024ರ ಪ್ರಯೋಗ ಬೇರೆ ಮಾತು ಹೇಳಿತು: ಬೇಟೆಯಂತೆ ಓಡುವ ವಸ್ತುವಿನ ಬೆನ್ನು ಹತ್ತುವುದನ್ನು ಶಾಕ್ ಪಟ್ಟಿಯ ನಾಯಿಗಳು ಬಿಟ್ಟವು, ತಿನಿಸಿನ ಗುಂಪಿನವು ಬಿಡಲಿಲ್ಲ. ತಿನಿಸಿನ ಗುಂಪಿಗೆ ಕಲಿಸಿದ ಕ್ರಮವೇ ಸರಿಯಿರಲಿಲ್ಲ ಎಂಬ ಟೀಕೆ ಕೂಡಲೇ ಬಂತು. ನನಗನ್ನಿಸುವುದು ಇಷ್ಟು: ಶಿಕ್ಷೆ ಕೆಲಸವನ್ನೇ ಮಾಡುವುದಿಲ್ಲ ಎಂದು ವಾದಿಸುವವರು ಸುಮ್ಮನೆ ಸೋಲುತ್ತಾರೆ. ಅದು ಕೆಲವೊಮ್ಮೆ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ತೆರಬೇಕಾದ ಬೆಲೆಯನ್ನು ಪೋರ್ಟೊದ ಆ ಬಟ್ಟಲು ತೋರಿಸಿದೆ. ಅಮೆರಿಕದ ಪಶುವೈದ್ಯ ನಡವಳಿಕೆ ತಜ್ಞರ ಸಂಘ 2021ರಲ್ಲಿ ಇನಾಮಿನ ಕ್ರಮವನ್ನೇ ಬಳಸಬೇಕು ಎಂದು ಶಿಫಾರಸು ಮಾಡಿತು.

'ನಾಯಿಗೆ ನೀನೇ ಒಡೆಯ ಅಂತ ತೋರಿಸಬೇಕು, ತೋಳದ ಗುಂಪಿನಲ್ಲಿ ಹಾಗೇ ಇರೋದು' ಎಂಬ ಮಾತನ್ನೂ ಇಲ್ಲೇ ಮುಗಿಸಿಬಿಡಬಹುದು. ಆ ಕಲ್ಪನೆ ಹೊರಟದ್ದು ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದ ಪ್ರಬಂಧದಿಂದ. 1970ರಲ್ಲಿ ಅದನ್ನು ತನ್ನ ಪುಸ್ತಕದ ಮೂಲಕ ಜನಪ್ರಿಯಗೊಳಿಸಿದ ಡೇವಿಡ್ ಮೆಕ್, 1999ರಲ್ಲಿ ಕಾಡುತೋಳಗಳನ್ನು ಕಂಡ ಮೇಲೆ ತಾನೇ ತಿದ್ದಿಕೊಂಡ. ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳು.

ಇನ್ನು ಗುಂಪಿನ ವಾದ. ಇಲ್ಲಿ ನೆಲ ಅಷ್ಟು ಗಟ್ಟಿಯಿಲ್ಲ. ಮರಿಗಳ ತರಗತಿಯನ್ನು ಜನಪ್ರಿಯಗೊಳಿಸಿದ ಆಸ್ಟ್ರೇಲಿಯಾದ ಪಶುವೈದ್ಯೆ ಕೆರ್ಸ್ಟಿ ಸೆಕ್ಸೆಲ್ ಅವರೇ ಸಹೋದ್ಯೋಗಿಗಳೊಡನೆ 1999ರಲ್ಲಿ 58 ಮರಿಗಳ ಮೇಲೆ ಮಾಡಿದ ಪರೀಕ್ಷೆಯಲ್ಲಿ, ಹೇಳಿದ ಮಾತು ಕೇಳುವುದು ಸುಧಾರಿಸಿತೇ ಹೊರತು ಉಳಿದ ನಡವಳಿಕೆಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ತನ್ನ ಕೂಸನ್ನು ತಾನೇ ತೂಗಿ, ಬಂದ ತೂಕವನ್ನು ಹಾಗೇ ಬರೆದದ್ದಕ್ಕೆ ಮೆಚ್ಚಬೇಕು. ಅಮೆರಿಕದಲ್ಲಿ ಆಶ್ರಯಧಾಮವೊಂದರಿಂದ ದತ್ತು ಹೋಗಿದ್ದ 248 ನಾಯಿಗಳ ಜಾಡು ಹಿಡಿದ 2003ರ ಅಧ್ಯಯನ ಬೇರೆಯದೇ ಬಾಗಿಲು ತೆರೆಯಿತು: ಮರಿಯಾಗಿದ್ದಾಗ ತರಗತಿಗೆ ಹೋಗಿದ್ದ ನಾಯಿಗಳು ಅದೇ ಮನೆಯಲ್ಲಿ ಉಳಿಯುವ ಸಂಭವ ಹೆಚ್ಚು. ತರಗತಿ ನಾಯಿಯನ್ನು ಬದಲಿಸಿತೋ, ಭಾನುವಾರ ಬೆಳಗ್ಗೆ ಎದ್ದು ತರಗತಿಗೆ ಹೋಗುವಂಥ ಜನ ಹೇಗಿದ್ದರೂ ನಾಯಿಯನ್ನು ಬಿಟ್ಟುಕೊಡುವವರಲ್ಲವೋ ಹೇಳುವುದು ಕಷ್ಟ. ವಾರಕ್ಕೊಮ್ಮೆ ಪಾಠ ಸಾಲದು ಎನ್ನುವವರಿಗೆ ಮಾತ್ರ ಉತ್ತರವಿದೆ. ಡೆನ್ಮಾರ್ಕಿನಲ್ಲಿ 18 ಬೀಗಲ್‌ಗಳ ಮೇಲೆ ನಡೆದ 2008ರ ಪ್ರಯೋಗದಲ್ಲಿ ವಾರಕ್ಕೊಮ್ಮೆ ಕಲಿತವು, ವಾರಕ್ಕೆ ಐದು ದಿನ ಕಲಿತವುಗಳಿಗಿಂತ ಕಡಿಮೆ ಪಾಠಗಳಲ್ಲೇ ವಿದ್ಯೆ ಮುಗಿಸಿದವು.

ಹಾಗಿದ್ದರೂ ಗುಂಪು ಏಕೆ? ನಮ್ಮ ಎರಡನೇ ಪ್ರಯತ್ನ ಊರಾಚೆಯ ಒಂದು ಬಯಲಿನಲ್ಲಿ ನಡೆದ ತರಗತಿ. ಮೊದಲ ವಾರ ಟ್ರೈನರ್ ನಾಯಿಗಳನ್ನು ಮನೆಯಲ್ಲೇ ಬಿಟ್ಟು ಬರಲು ಹೇಳಿದ್ದ. ಎಂಟು ಜನ ಇಬ್ಬಿಬ್ಬರಾಗಿ ನಿಂತು, ಒಬ್ಬರು ನಾಯಿಯಾಗಿ, ಇನ್ನೊಬ್ಬರು ನಾಲಗೆಯಲ್ಲಿ ಟಕ್ ಎಂದು ಸದ್ದು ಮಾಡಿ ಕಡಲೆಬೀಜ ಕೊಟ್ಟೆವು. ಯಾವ ನಡೆಗೆ ಬೀಜ ಎಂದು ಬಾಯಿಬಿಟ್ಟು ಹೇಳುವಂತಿಲ್ಲ. ಎರಡು ನಿಮಿಷದಲ್ಲಿ ನಾಯಿಯಾಗಿದ್ದ ಬ್ಯಾಂಕ್ ಅಧಿಕಾರಿಗೆ ಸಿಟ್ಟೇ ಬಂತು: "ಏನು ಮಾಡ್ಬೇಕು ಅಂತ ಹೇಳ್ಬಾರ್ದಾ?" ನನ್ನ ಸದ್ದು ಅರ್ಧ ಸೆಕೆಂಡ್ ತಡವಾಗುತ್ತಿತ್ತು. ಅವರು ಕೈ ಎತ್ತಿದ್ದಕ್ಕೆ ಕೊಡಬೇಕಾದ ಬೀಜ ಕೈ ಇಳಿಸಿದ್ದಕ್ಕೆ ಹೋಗುತ್ತಿತ್ತು. ಕೆಂಚ ಯಾಕೆ ನನ್ನ ಮಾತು ಕೇಳುತ್ತಿರಲಿಲ್ಲ ಎಂಬುದು ಹೊಳೆದದ್ದು ಆಗ. ಒಂಟಿ ಪಾಠದಲ್ಲಿ ಇದು ಸಿಗುವುದಿಲ್ಲ. ಪಕ್ಕದವರು ಹಗ್ಗ ಬಿಗಿ ಹಿಡಿದಾಗ ಅವರ ನಾಯಿ ಬೊಗಳುವುದು ಕಣ್ಣಿಗೆ ಬೀಳುತ್ತದೆ, ತನ್ನ ಕೈಯ ಬಿಗಿ ಕಾಣುವುದಿಲ್ಲ. ಜೊತೆಗೆ, ಬೇರೆ ನಾಯಿಗಳ ಎದುರು ಮನೆಯ ನಾಯಿ ಕೂರುವುದನ್ನು ಕಲಿಯಬೇಕಾದರೆ ಬೇರೆ ನಾಯಿಗಳು ಎದುರಿಗೆ ಇರಬೇಕಲ್ಲ.

ಎಲ್ಲ ನಾಯಿಗೂ ಇದು ಒಗ್ಗುವುದಿಲ್ಲ. ಬೇರೆ ನಾಯಿ ಕಂಡರೆ ನಡುಗುವ, ಮೇಲೆ ಬೀಳುವ ನಾಯಿಯನ್ನು ಏಳು ನಾಯಿಗಳ ನಡುವೆ ತಂದು ನಿಲ್ಲಿಸುವುದು ನೀರಿಗೆ ಹೆದರುವವನನ್ನು ಬಾವಿಗೆ ತಳ್ಳಿದಂತೆ. ಒಳ್ಳೆಯ ಟ್ರೈನರ್ ಅಂಥದಕ್ಕೆ ಮೊದಲು ಬೇರೆಯಾಗಿ ಪಾಠ ಮಾಡುತ್ತಾನೆ. ತರಗತಿಯಲ್ಲೂ ನಾಯಿಗಳ ನಡುವೆ ದೂರ ಇರಿಸಿ, ಬೇಕಾದರೆ ಮರೆಗೆ ಬಟ್ಟೆಯ ಪರದೆ ಕಟ್ಟುತ್ತಾನೆ. ಬೀದಿಯಿಂದ ಬಂದ ಇಂಡಿಗಳಿಗೆ, ಅಂದರೆ ನಾಟಿ ನಾಯಿಗಳಿಗೆ, ಈ ಎಚ್ಚರ ಹೆಚ್ಚು ಬೇಕು.

ನಮ್ಮ ನೆಲದಲ್ಲಿ ಇನ್ನೊಂದು ದೊಡ್ಡ ತೊಡಕು ಮರಿಗಳ ಜೀವ ತೆಗೆಯುವ ಪಾರ್ವೊ ವೈರಸ್. ಲಸಿಕೆಗಳೆಲ್ಲ ಮುಗಿಯುವವರೆಗೆ, ಅಂದರೆ ಹೆಚ್ಚುಕಡಿಮೆ ನಾಲ್ಕು ತಿಂಗಳು, ಮರಿಯನ್ನು ಹೊರಗೆ ಬಿಡಬೇಡಿ ಎಂದು ವೈದ್ಯರು ಹೇಳುತ್ತಾರೆ. ಅಷ್ಟರಲ್ಲಿ ಸ್ಕಾಟ್ ಮತ್ತು ಫುಲ್ಲರ್ ಹೇಳಿದ ಬಾಗಿಲು ಮುಚ್ಚಿರುತ್ತದೆ. ಮೊದಲ ಲಸಿಕೆಯಾಗಿ ಒಂದು ವಾರ ಕಳೆದರೆ ಏಳೆಂಟು ವಾರದ ಮರಿಯನ್ನು ತರಗತಿಗೆ ತರಬಹುದು ಎಂಬುದು ಅಮೆರಿಕದ ಆ ತಜ್ಞ ಸಂಘದ ನಿಲುವು. ಅಲ್ಲಿನ ನಾಲ್ಕು ನಗರಗಳಲ್ಲಿ ತರಗತಿಗೆ ಹೋದ ಲಸಿಕೆ ಪಡೆದ ಮರಿಗಳನ್ನು ಗಮನಿಸಿದ 2013ರ ಅಧ್ಯಯನದಲ್ಲಿ ಒಂದಕ್ಕೂ ಪಾರ್ವೊ ಕಾಣಲಿಲ್ಲ. ಆದರೆ ಆ ಊರುಗಳ ಬೀದಿ ಬೇರೆ, ನಮ್ಮ ಬೀದಿ ಬೇರೆ. ನಮ್ಮ ಪಾರ್ಕಿನ ಹುಲ್ಲಿಗಿಂತ ಬ್ಲೀಚ್ ನೀರಿನಲ್ಲಿ ಒರೆಸಿದ ಯಾರದೋ ಮನೆಯ ಹಾಲ್ ಮರಿಗಳ ತರಗತಿಗೆ ಒಳ್ಳೆಯದು. ಮಿಕ್ಕ ಜಗತ್ತನ್ನು, ಅಂದರೆ ಆಟೋ, ಕುಕ್ಕರ್ ಸೀಟಿ, ತರಕಾರಿ ಗಾಡಿಯ ಕೂಗು, ಮರಿಗೆ ಕಂಕುಳಲ್ಲಿ ಎತ್ತಿಕೊಂಡೇ ತೋರಿಸಬಹುದು.

ತಿನಿಸಿನ ವಿಷಯದಲ್ಲಿ ಅಂಗಡಿಯ ಪೊಟ್ಟಣ ಬೇಕೇ ಬೇಕೆಂದಿಲ್ಲ. ಬೇಯಿಸಿದ ಚಿಕನ್, ಮೊಟ್ಟೆ. ಸಸ್ಯಾಹಾರಿ ಮನೆಗಳಲ್ಲಿ ಪನೀರ್, ಬೇಯಿಸಿದ ಗೆಣಸು. ಉಗುರಿನಷ್ಟು ತುಂಡು ಸಾಕು, ಅಷ್ಟು ಮುಖ್ಯ ಊಟದಲ್ಲಿ ಕಳೆಯಬೇಕು. ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ನಾಯಿಗೆ ವಿಷ. ತಿನಿಸೇ ಸರ್ವಸ್ವವೂ ಅಲ್ಲ. ಕೋಲ್ಕತ್ತದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ ಬೀದಿನಾಯಿಗಳೊಡನೆ ಮಾಡಿದ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಪರಿಚಿತರು ಮತ್ತೆ ಮತ್ತೆ ಬಂದಾಗ ನಾಯಿಗಳ ನಂಬಿಕೆ ಗಳಿಸಿದ್ದು ಊಟ ಹಾಕಿದ ಕೈಗಿಂತ ತಲೆ ಸವರಿದ ಕೈ.

ಇನ್ನು ಭಾಷೆ. ಕನ್ನಡದಲ್ಲಿ ನಾಯಿಯನ್ನು ಅಟ್ಟಲು 'ಹಚಾ' ಇದೆ, ಯಾರ ಮೇಲಾದರೂ ಬಿಡಲು 'ಛೂ' ಇದೆ. ಕೂರಿಸಲು ಮಾತ್ರ ಎಲ್ಲರ ಮನೆಯಲ್ಲೂ 'ಸಿಟ್', ಅದೂ ಎಲ್ಲರ ಬಾಯಲ್ಲಿ ಅಲ್ಲ. ಮಗ 'ಸಿಟ್' ಅಂದರೆ, ಅಜ್ಜಿ 'ಕೂತ್ಕೊಳೋ', ಅಪ್ಪ 'ಏಯ್, ಕೂರು'. ಮೂರು ಬೇರೆ ಬೇರೆ ಶಬ್ದಗಳು ಎಂದು ನಾಯಿ ತಿಳಿದರೆ ತಪ್ಪು ಅದರದಲ್ಲ. ತರಗತಿಯ ಎರಡನೇ ವಾರ ಟ್ರೈನರ್ ಎಲ್ಲರಿಗೂ ಮನೆಮಂದಿಯ ಶಬ್ದಗಳ ಪಟ್ಟಿ ಬರೆದು ತರಲು ಹೇಳಿದ. ನಮ್ಮ ಮನೆಯಲ್ಲಿ ಕರೆಯುವುದಕ್ಕೇ ಐದು ಶಬ್ದಗಳಿದ್ದವು. ಕೊನೆಗೆ 'ಬಾ' ಒಂದೇ ಉಳಿಯಿತು.

ಇಷ್ಟೆಲ್ಲ ಕಲಿಸುವವರು ಯಾರು ಎಂಬುದಕ್ಕೆ ಕಾಯಿದೆಯ ಅಂಕೆಯಿಲ್ಲ. ನಾಯಿ ತಳಿ ಬೆಳೆಸುವವರಿಗೆ 2017ರಲ್ಲಿ, ಪೆಟ್ ಶಾಪ್‌ಗಳಿಗೆ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಮನೆಯ ನಾಯಿಗೆ ಪಾಠ ಹೇಳಲು ಒಂದು ವಿಸಿಟಿಂಗ್ ಕಾರ್ಡ್ ಸಾಕು. 'ಪಾಸಿಟಿವ್' ಎಂದು ಬೋರ್ಡಿನಲ್ಲಿ ಬರೆದು ಚೀಲದಲ್ಲಿ ಮುಳ್ಳಿನ ಚೈನು ಇಟ್ಟುಕೊಂಡವರೂ ಇದ್ದಾರೆ. ಸೇರುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ನಾಯಿ ತಪ್ಪು ಮಾಡಿದರೆ ಏನು ಮಾಡುತ್ತೀರಿ? ಸಾಧ್ಯವಾದರೆ ನಾಯಿಯನ್ನು ಮನೆಯಲ್ಲಿ ಬಿಟ್ಟು ಒಮ್ಮೆ ಹೋಗಿ ಬದಿಯಲ್ಲಿ ನಿಂತು ನೋಡಬೇಕು. ನಾಯಿಗಳ ಬಾಲ ನೋಡಬೇಕು, ಅದಕ್ಕಿಂತ ಮುಖ್ಯವಾಗಿ ಮನುಷ್ಯರ ಮುಖ ನೋಡಬೇಕು.

ನಮ್ಮ ಗುಂಪಿನಲ್ಲಿ ಎಪ್ಪತ್ತು ದಾಟಿದ, ನಿವೃತ್ತ ಮೇಷ್ಟ್ರೊಬ್ಬರಿದ್ದರು. ಮಗ ಅಮೆರಿಕಕ್ಕೆ ಹೋಗುವಾಗ ಬಿಟ್ಟುಹೋದ ಬೀಗಲ್ ಅವರ ಪಾಲಿಗೆ ಬಂದಿತ್ತು. ಅದು ಮೂಗು ನೆಲಕ್ಕಿಟ್ಟು ಎಳೆದರೆ ಮೇಷ್ಟ್ರ ಕೈ ತನ್ನಷ್ಟಕ್ಕೆ ಹಗ್ಗವನ್ನು ಜಗ್ಗುತ್ತಿತ್ತು. ಮೂರು ವಾರ ಹೀಗೇ ಆಯಿತು. ಟ್ರೈನರ್ ಒಮ್ಮೆಯೂ 'ಜಗ್ಗಬೇಡಿ' ಎನ್ನಲಿಲ್ಲ. ನಾಲ್ಕನೇ ವಾರ ಬೀಗಲ್ ಯಾಕೋ ಒಂದು ಕ್ಷಣ ತಿರುಗಿ ನೋಡಿತು, ಹಗ್ಗ ತಾನಾಗಿ ಸಡಿಲಾಯಿತು. "ಮೇಷ್ಟ್ರೇ, ಅದೇ! ಈಗ ಕೈ ಹೆಂಗಿತ್ತೋ ಹಂಗೇ ಇರಲಿ" ಎಂದು ಟ್ರೈನರ್ ಬಯಲಿನ ಆ ತುದಿಯಿಂದ ಕೂಗಿದ. ಮೇಷ್ಟ್ರು ಮೊದಲು ತಮ್ಮ ಕೈ ನೋಡಿಕೊಂಡರು, ಆಮೇಲೆ ನಾಯಿಯನ್ನು ನೋಡಿದರು. ಚೀಲದಿಂದ ಗೆಣಸಿನ ತುಂಡು ತೆಗೆಯಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಬೀಗಲ್ ಕಾಯುತ್ತ ಕೂತಿತ್ತು.